ಆರನೆಯ ಬಾಗಿಲು

ರಾತ್ರಿ ಹನ್ನೊಂದೂವರೆಯ ಮೇಲೆ ನಮ್ಮ ಮನೆಯಲ್ಲಿ ಒಂದು ಬಾಗಿಲು ಕಿರ್ರೆಂದಿತು.

ಬೇರೆಯವರ ಮನೆಯಲ್ಲಾದರೆ ಇದು ಮಗ್ಗುಲು ಬದಲಿಸಿ ಮಲಗುವ ವಿಷಯ. ನಮ್ಮಲ್ಲಿ ಹಾಗಲ್ಲ. ನಮ್ಮ ಮನೆಗಿರುವುದು ಐದು ಬಾಗಿಲು. ತಿಂಗಳಿಗೊಮ್ಮೆ ಐದಕ್ಕೂ ಹೊಲಿಗೆ ಯಂತ್ರದ ಎಣ್ಣೆ ಬಿಡುವವಳು ನಾನೇ. ‘ಬಾಗಿಲು ಸದ್ದು ಮಾಡಿದರೆ ಕಳ್ಳ ಬಂದದ್ದು ಗೊತ್ತಾಗುತ್ತಲ್ಲವೇ’ ಎಂದು ನನ್ನ ಅಣ್ಣ ಒಮ್ಮೆ ಕೇಳಿದ್ದ. ಗೊತ್ತಾಗಿ ನಾನು ಮಾಡುವುದೇನು? ಗೊತ್ತಾಗದಿರಲಿ ಎಂದೇ ಎಣ್ಣೆ ಬಿಡುವುದು.

ಕಿರ್ರೆಂದದ್ದು ಆರನೆಯ ಬಾಗಿಲು. ಅದು ನಮ್ಮ ಮನೆಗೆ ಬಂದು ಹತ್ತು ದಿನವಾಗಿತ್ತು. ಹಾಲಿನಲ್ಲಿ, ಗೋಡೆಯಿಂದ ಎರಡಡಿ ಈಚೆಗೆ, ಚೌಕಟ್ಟು ಚಿಲಕ ಅಗುಳಿಗಳ ಸಮೇತ ತನ್ನಷ್ಟಕ್ಕೆ ತಾನೇ ನಿಂತಿತ್ತು. ತೆಗೆದರೆ ಗೋಡೆ ಕಾಣುತ್ತಿತ್ತು. ಎಲ್ಲಿಗೂ ಹೋಗದ ಬಾಗಿಲನ್ನು ನಡುರಾತ್ರಿಯಲ್ಲಿ ಯಾರು ತೆಗೆದರು? ಪಕ್ಕದಲ್ಲಿ ನಮ್ಮ ಯಜಮಾನರು ಗೊರಕೆ ಹೊಡೆಯುತ್ತಿದ್ದರು. ಆದ್ದರಿಂದ ಅವರಲ್ಲ. ನಾನು ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡು, ಏಳಲೋ ಬೇಡವೋ ಎಂದು ಯೋಚಿಸುತ್ತಾ ಮಲಗಿದ್ದೆ.

ಆ ಬಾಗಿಲು ನಮ್ಮ ಮನೆಗೆ ಬಂದದ್ದಕ್ಕೆ ನಮ್ಮವರ ಒಂದು ಮಾತು ಕಾರಣ. ನಿಜವಾಗಿಯೂ ಒಂದೇ ಮಾತು.

ನಮ್ಮವರು ನೀರು ಸರಬರಾಜು ಕಚೇರಿಯಲ್ಲಿ ಮೀಟರ್ ವಿಭಾಗದವರು. ಮೂವತ್ತಾರು ವರ್ಷದ ಸೇವೆಯಾಗಿ, ನಿವೃತ್ತಿಗೆ ನಾಲ್ಕೇ ತಿಂಗಳು ಉಳಿದಿತ್ತು. ‘ಇಲ್ಲ’, ‘ಗೊತ್ತಿಲ್ಲ’, ‘ಆಗೋದಿಲ್ಲ’ ಎಂಬ ಮೂರು ಮಾತು ಅವರ ಬಾಯಲ್ಲಿ ಈವರೆಗೆ ಹುಟ್ಟಿಲ್ಲ. ಏನು ಕೇಳಿದರೂ ‘ಖಂಡಿತ’ ಎನ್ನುತ್ತಾರೆ. ಕಚೇರಿಯಲ್ಲಿ ಅವರ ಹೆಸರೇ ಖಂಡಿತ ಸಾಹೇಬರು. ನನ್ನನ್ನು ನೋಡಲು ಬಂದ ದಿನ ನಮ್ಮ ತಂದೆ ಮಾತಿಗೆ ಮಾತು ಬಂದು, ‘ಸೈಕಲ್ ಬರುತ್ತೇನಪ್ಪ?’ ಎಂದು ಕೇಳಿದ್ದರು. ‘ಖಂಡಿತ’ ಎಂದರು. ಮದುವೆಯಾದ ವಾರಕ್ಕೆ ನಮ್ಮ ತಂದೆಯ ಸೈಕಲ್ ಸಮೇತ ಚರಂಡಿಯಲ್ಲಿದ್ದರು.

ಒಂದು ಭಾನುವಾರ ಪಕ್ಕದ ಮನೆಯ ಮೇಷ್ಟ್ರು ಕಾಂಪೌಂಡ್ ಗೋಡೆಯ ಮೇಲೆ ಮೊಣಕೈಯೂರಿ ನಿಂತರು. ಅವರು ನಿವೃತ್ತ ಹೆಡ್‌ಮಾಸ್ಟರು, ನಮ್ಮ ಬಡಾವಣೆಯ ಗ್ರಂಥಾಲಯ ಸಮಿತಿಯ ಕಾರ್ಯದರ್ಶಿ. ಹಳೆಯ ನಟ ಸಿಂಹಕಂಠರ ನೂರನೇ ವರ್ಷದ ನೆನಪಿಗೆ ಸಭೆ ಮಾಡಬೇಕೆಂದು ಓಡಾಡುತ್ತಿದ್ದರು. ಸಿಂಹಕಂಠರು ಕಪ್ಪು ಬಿಳುಪು ಚಿತ್ರಗಳ ಕಾಲದ ಖಳನಾಯಕರು. ಅದಕ್ಕಿಂತ ಹೆಚ್ಚಾಗಿ ರೇಡಿಯೋ ನಾಟಕದ ದೊರೆ. ರೇಡಿಯೋದಲ್ಲಿ ಅವರದೊಂದು ನಗು ಇತ್ತು. ಮೊದಲು ಬಾಗಿಲು ಕಿರ್ರೆನ್ನುವುದು, ಆಮೇಲೆ ಮೂರು ಮೆಟ್ಟಿಲಿಳಿದಂತೆ ಆ ನಗು, ಆಮೇಲೆ ಬಾಗಿಲು ಟಕ್ಕೆಂದು ಮುಚ್ಚುವುದು. ಅದನ್ನು ಕೇಳಿದ ಮಕ್ಕಳು ಮೂರು ದಿನ ಒಬ್ಬರೇ ಬಚ್ಚಲಿಗೆ ಹೋಗುತ್ತಿರಲಿಲ್ಲವಂತೆ.

“ಸಾರ್, ನಿಮ್ಮ ತಾಯಿಯವರು ಹಿಂದೆ ರೇಡಿಯೋದಲ್ಲಿ ಕೆಲಸದಲ್ಲಿದ್ರಂತೆ?” ಎಂದರು ಮೇಷ್ಟ್ರು.

“ಖಂಡಿತ.”

ಇದು ನಿಜ. ನಮ್ಮ ಅತ್ತೆ ಮದುವೆಗೆ ಮುಂಚೆ ಎರಡು ವರ್ಷ ಅಲ್ಲಿ ಟೈಪಿಸ್ಟ್ ಆಗಿದ್ದರು.

“ಹಾಗಾದ್ರೆ ಸಿಂಹಕಂಠ ನಿಮ್ಮ ಮನೆಗೆಲ್ಲ ಬಂದು ಹೋಗಿ ಮಾಡ್ತಿದ್ರೇನೋ?”

“ಖಂಡಿತ.”

“ನೆಂಟರಾ ಸಾರ್?”

ನಾನು ಬಟ್ಟೆ ಒಣಹಾಕುತ್ತಿದ್ದೆ. ಒದ್ದೆ ಚಾದರವನ್ನು ಫಟಾರೆಂದು ಒದರಿ ಎಚ್ಚರಿಸಿದೆ. ನೀರು ಹಾರಿ ನಮ್ಮವರ ಕನ್ನಡಕದ ಮೇಲೆ ಬಿತ್ತು. ಅದನ್ನು ಒರೆಸಿಕೊಳ್ಳುತ್ತಾ, “ಖಂಡಿತ” ಎಂದರು.

“ಯಾವ ಕಡೆಯಿಂದ?”

“ಎರಡೂ ಕಡೆಯಿಂದ.”

ಮೂರನೇ ದಿನಕ್ಕೆ ಆಹ್ವಾನಪತ್ರಿಕೆ ಅಚ್ಚಾಗಿ ಬಂತು. ‘ಸಿಂಹಕಂಠರ ಸೋದರಳಿಯನವರಿಂದ, ಈವರೆಗೆ ಬೆಳಕಿಗೆ ಬಾರದ ವಿವರಗಳೊಂದಿಗೆ, ಒಂದು ಗಂಟೆಯ ಉಪನ್ಯಾಸ.’ ಎದುರು ಮನೆಯ ದರ್ಜಿ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಬಂದು, ನಮ್ಮವರ ಮುಖವನ್ನು ಎಡಗಡೆಯಿಂದ ನೋಡಿದ, ಬಲಗಡೆಯಿಂದ ನೋಡಿದ. “ಮೂಗು ಅದೇ. ಇಷ್ಟು ವರ್ಷ ಅಂಗಿ ಅಳತೆ ತಗೊಂಡಿದೀನಿ, ನನ್ನ ಕಣ್ಣಿಗೆ ಬೀಳ್ಲೇ ಇಲ್ವಲ್ಲ!” ಎಂದ.

“ರೀ, ಏನ್ರೀ ಇದು?” ಎಂದೆ ರಾತ್ರಿ.

“ಮೇಷ್ಟ್ರಿಗೆ ಬೇಜಾರಾಗ್ಬಾರ್ದು ಅಂತ ಅಂದೆ ಕಣೇ.”

“ಒಂದು ಗಂಟೆ ಏನಂತ ಮಾತಾಡ್ತೀರಿ?”

“ಓದ್ಕೊಂಡು ಮಾತಾಡೋದು. ಗ್ರಂಥಾಲಯ ಇರೋದ್ಯಾತಕ್ಕೆ?”

ಅತ್ತೆಯನ್ನು ಕೇಳಿದರೆ ಏನಾದರೂ ಸಿಗಬಹುದೆಂದು ನಾನು ಕೇಳಿದೆ. ಅತ್ತೆಗೆ ಎಂಬತ್ತನಾಲ್ಕು. ಮಾತು ಬಹಳ ಕಡಿಮೆ, ದನಿ ಬಹಳ ದಪ್ಪ. ಫೋನಿನಲ್ಲಿ ಎಲ್ಲರೂ ಅವರನ್ನು ‘ಸಾರ್’ ಎನ್ನುವುದರಿಂದ ಫೋನ್ ಎತ್ತುವುದನ್ನೇ ಬಿಟ್ಟಿದ್ದಾರೆ. ನಗು ಬಂದರೆ ಅಂಗೈಯಿಂದ ಬಾಯಿ ಮುಚ್ಚಿಕೊಂಡು, ಭುಜ ಕುಣಿಸಿ ಮುಗಿಸಿಬಿಡುತ್ತಾರೆ. ಮೂವತ್ತೊಂದು ವರ್ಷದಲ್ಲಿ ಅವರು ಸದ್ದು ಮಾಡಿ ನಕ್ಕದ್ದನ್ನು ನಾನು ಕೇಳಿಲ್ಲ.

“ನಾನು ಟೈಪ್ ಮಾಡ್ತಿದ್ದೆ. ಅವರು ಓದ್ತಿದ್ರು,” ಎಂದು ಅತ್ತೆ ಬಟಾಣಿ ಸುಲಿಯುವುದಕ್ಕೆ ತಿರುಗಿಕೊಂಡರು.

ನಮ್ಮವರು ಎರಡು ದಿನ ರಜೆ ಹಾಕಿ ಗ್ರಂಥಾಲಯದಲ್ಲಿ ಕುಳಿತರು. ನಲವತ್ತು ಪುಟ ಟಿಪ್ಪಣಿ ಮಾಡಿಕೊಂಡು ಬಂದರು. ನನಗೆ ಸಮಾಧಾನವಾಯಿತು. ತೆಗೆದು ನೋಡಿದರೆ ಸಂಪುಟದ ಸಂಖ್ಯೆ, ಕಪಾಟಿನ ಸಂಖ್ಯೆ, ಪುಟದ ಸಂಖ್ಯೆ, ಪುಸ್ತಕ ಬಂದ ತಾರೀಖು. ಮತ್ತೆ ಸಂಪುಟ, ಕಪಾಟು, ಪುಟ. ನಲವತ್ತು ಪುಟದಲ್ಲಿ ಒಂದು ವಾಕ್ಯವಿಲ್ಲ. ಮೂವತ್ತಾರು ವರ್ಷ ಮೀಟರ್ ನೋಡಿ ಅಂಕಿ ಬರೆದುಕೊಂಡ ಕೈ, ಪುಸ್ತಕ ಕಂಡಾಗಲೂ ಅದನ್ನೇ ಮಾಡಿತ್ತು.

“ಒಳಗೆ ಏನಿತ್ತು ಅಂತ ಬರೀಲಿಲ್ವೇನ್ರೀ?”

“ಒಳಗಿಂದು ಒಳಗೇ ಇರುತ್ತಲ್ಲೇ. ಎಲ್ಲಿದೆ ಅಂತ ಗೊತ್ತಿದ್ರೆ ಸಾಲ್ದಾ?”

ಮಾರನೇ ದಿನ ನಾನೇ ಜೊತೆಗೆ ಹೋದೆ. ಅವರು ಹೇಳಿದ ಸಂಪುಟ ತೆರೆದರೆ, ಸಿಂಹಕಂಠರ ಮೇಲಿನ ಲೇಖನ ಇರಬೇಕಾದ ಜಾಗದಲ್ಲಿ ಚೌಕಾಕಾರದ ಒಂದು ಕಿಟಕಿ. ಯಾರೋ ಬ್ಲೇಡಿನಿಂದ ಕೊರೆದುಕೊಂಡು ಹೋಗಿದ್ದರು. ಕಿಟಕಿಯಿಂದ ಹಿಂದಿನ ಪುಟದ ಕೂದಲೆಣ್ಣೆಯ ಜಾಹೀರಾತು ಕಾಣುತ್ತಿತ್ತು. ಏಳು ಸಂಪುಟದಲ್ಲಿ ಏಳು ಕಿಟಕಿ. ಗ್ರಂಥಪಾಲಕಿ ನೋಡಿ ನಿಟ್ಟುಸಿರು ಬಿಟ್ಟಳು. “ಅವರಿಗೆ ಅಭಿಮಾನಿಗಳು ಬಹಳ ಮೇಡಂ. ಇನ್ನು ಏನಾದ್ರೂ ಉಳಿದಿದ್ರೆ ದಾಖಲೆ ಭಂಡಾರದಲ್ಲೇ. ಅಲ್ಲಿ ಯಾರೂ ಹೋಗಲ್ಲ, ಅದಕ್ಕೆ ಉಳಿದಿರುತ್ತೆ.”

ದಾಖಲೆ ಭಂಡಾರದ ಬಾಗಿಲಲ್ಲೇ ಒಂದು ಅರ್ಜಿ ಕೊಟ್ಟರು. ನಮ್ಮ ಮನೆಯಲ್ಲಿ ಅರ್ಜಿ ತುಂಬುವವಳು ನಾನು. ಕಾಲೇಜು ಓದಿದವಳು, ಒಂದೊಂದು ಪದವನ್ನೂ ಎರಡು ಸಲ ಓದುವವಳು. ‘ಕಡತ ನೋಡಲು ಬಯಸುವವರು’ ಎಂಬುದರ ಕೆಳಗೆ ಎರಡು ಚೌಕವಿತ್ತು. ಒಂದು, ಸಂಶೋಧಕರು: ಮಾರ್ಗದರ್ಶಕರ ಪತ್ರ, ಎರಡು ಭಾವಚಿತ್ರ, ಆರು ವಾರದ ಕಾಲಾವಕಾಶ. ಇನ್ನೊಂದು, ಕಡತದ ಅಥವಾ ಅದಕ್ಕೆ ಸೇರಿದ ವಸ್ತುವಿನ ವಾರಸುದಾರರು: ಇಲ್ಲಿ ಸಹಿ ಮಾಡಿ. ಸಭೆಗೆ ಇದ್ದದ್ದು ಹನ್ನೊಂದೇ ದಿನ.

“ಎರಡನೇದಕ್ಕೆ ಗುರುತು ಹಾಕಿ ಅಮ್ಮ, ಎಲ್ಲರೂ ಹಾಗೇ ಮಾಡೋದು,” ಎಂದ ಕಾವಲುಗಾರ.

ನಾನು ಗುರುತು ಹಾಕಿದೆ. ಬದುಕಿನಲ್ಲಿ ಒಂದು ಸುಳ್ಳು ಗುರುತು ಹಾಕಿದವಳಲ್ಲ. ಗುರುತಿನ ಬಾಲ ಚೌಕದಿಂದ ಆಚೆ ಹೋಯಿತು.

ಕಡತದ ಅಧಿಕಾರಿ ಅರ್ಜಿಯನ್ನು ಓದಿ, ಕುರ್ಚಿಯಿಂದ ಎದ್ದು ನಿಂತರು. “ನೀವು ಸಿಂಹಕಂಠರ ವಾರಸುದಾರರಾ?”

“ಖಂಡಿತ.”

“ಇಪ್ಪತ್ತೊಂದು ವರ್ಷ ಆಯ್ತಲ್ಲ ಸಾರ್! ಎಲ್ಲಿದ್ರಿ ಇಷ್ಟು ದಿನ?”

“ಇಲ್ಲೇ ಇದ್ದೆ. ಮೀಟರ್ ವಿಭಾಗದಲ್ಲಿ.”

ಅಧಿಕಾರಿ ನಮ್ಮನ್ನು ಕಪಾಟುಗಳ ಸಾಲಿನ ನಡುವೆ ಕರೆದುಕೊಂಡು ಹೋದರು. ಕೊನೆಯಲ್ಲಿ ಒಂದು ಬಾಗಿಲು. ಒಳಗೆ ಇನ್ಯಾರೋ ದೊಡ್ಡ ಅಧಿಕಾರಿ ಕೂತಿರಬೇಕೆಂದು ನಮ್ಮವರು ಮೆಲ್ಲಗೆ ತಟ್ಟಿದರು, ಕಾಲು ಒರೆಸಿಕೊಂಡು ತೆರೆದರು, ಒಳಗೆ ಹೋದರು. ಆ ಕಡೆಯೂ ಅದೇ ಕೋಣೆ, ಅದೇ ಕಪಾಟು, ಅದೇ ಅಧಿಕಾರಿ. ಅವರಿಗೊಂದು ನಮಸ್ಕಾರ ಮಾಡಿ, ಬಾಗಿಲು ಹಾಕಿಕೊಂಡು ಈಚೆಗೆ ಬಂದರು.

“ಇದೇ ಸಾರ್ ಆ ವಸ್ತು,” ಎಂದರು ಅಧಿಕಾರಿ. “ರೇಡಿಯೋ ನಾಟಕದ ಬಾಗಿಲು. ಆಗೆಲ್ಲ ನೇರ ಪ್ರಸಾರ ಅಲ್ವಾ? ಬಾಗಿಲು ತೆಗೆಯೋ ಸದ್ದು ಬೇಕಂದ್ರೆ ಬಾಗಿಲನ್ನೇ ತೆಗೀಬೇಕು. ಸಿಂಹಕಂಠರು ತಮ್ಮ ಕಾಗದಪತ್ರದ ಜೊತೆ ಇದನ್ನೂ ಇಲ್ಲಿಟ್ಟು ಹೋದ್ರು. ಪ್ರತಿ ವರ್ಷ ತಪಾಸಣೆಯವರು ಬಂದು, ಕಾಗದ ಇಡೋ ಜಾಗದಲ್ಲಿ ಬಾಗಿಲು ಯಾಕೆ ಅಂತ ಬರೀತಾರೆ. ವಾರಸುದಾರರು ಬಂದಿಲ್ಲ ಅಂತ ನಾವು ಬರೀತೀವಿ. ಆ ಪತ್ರವ್ಯವಹಾರವೇ ನಾಲ್ಕು ಕಡತ ಆಗಿದೆ. ತಗೊಂಡು ಹೋಗಿ ಸಾರ್, ನಿಮ್ಮ ಕಾಲಿಗೆ ಬೀಳ್ತೀನಿ.”

“ನಮಗೆ ಕಡತ ನೋಡಿದ್ರೆ ಸಾಕು,” ಎಂದೆ ನಾನು.

“ಮೊದಲು ಬಾಗಿಲು, ಆಮೇಲೆ ಕಡತ. ನಾಳೆ ತಗೊಂಡು ಹೋಗ್ತೀರಲ್ಲ ಸಾರ್?”

ನಮ್ಮವರು ಏನು ಹೇಳಿದರೆಂದು ಬರೆಯಬೇಕಾಗಿಲ್ಲ.

ಬಾಗಿಲು ತಳ್ಳುಗಾಡಿಯ ಮೇಲೆ ನಿಂತುಕೊಂಡೇ ನಮ್ಮ ಬೀದಿಗೆ ಬಂತು. ಜನ ಹೊರಗೆ ಬಂದು ನೋಡಿದರು. ದರ್ಜಿ ಹತ್ತಿರ ಹೋಗಿ ಚಿಲಕ ಮುಟ್ಟಿ ಕಣ್ಣಿಗೊತ್ತಿಕೊಂಡ. ಮೇಷ್ಟ್ರು ಗೇಟು ತೆಗೆದು ಓಡಿ ಬಂದರು. “ಇದೇ ಬಾಗಿಲು! ನಾನು ಎಂಟು ವರ್ಷದವನಿದ್ದಾಗ ಇದರ ಸದ್ದು ಕೇಳಿ ಚಡ್ಡಿ ಒದ್ದೆ ಮಾಡ್ಕೊಂಡಿದ್ದೆ!” ಎಂದು ಇಡೀ ಬೀದಿಗೆ ಕೇಳುವಂತೆ ಹೆಮ್ಮೆಯಿಂದ ಹೇಳಿದರು. ಸಭೆಯ ದಿನ ಅದನ್ನು ವೇದಿಕೆಯ ಮೇಲಿಡಬೇಕೆಂದು ಅಲ್ಲೇ ತೀರ್ಮಾನವಾಯಿತು.

ಅತ್ತೆ ಕೋಣೆಯಿಂದ ಬಂದರು. ಬಾಗಿಲನ್ನು ನೋಡಿದರು. ಮತ್ತೆ ಒಳಗೆ ಹೋಗಿ ಕನ್ನಡಕ ಹಾಕಿಕೊಂಡು ಬಂದು ನೋಡಿದರು. ನಾನು ಅಭ್ಯಾಸಬಲದಿಂದ ಎಣ್ಣೆ ಶೀಶೆ ತಂದಿದ್ದೆ.

“ಇದಕ್ಕೆ ಬೇಡ,” ಎಂದರು.

ನಾಲ್ಕನೇ ದಿನ ದಾಖಲೆ ಭಂಡಾರದಿಂದ ಕಾಗದ ಬಂತು. ‘ವಸ್ತುವನ್ನು ಸ್ವೀಕರಿಸಿದವರು ವಾರಸುದಾರಿಕೆಯ ಪುರಾವೆಯನ್ನು ಹತ್ತು ದಿನದೊಳಗೆ ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ಸದರಿಯವರ ಕಚೇರಿಗೆ ಬರೆಯಲಾಗುವುದು.’ ಅಂದು ನನ್ನ ಅಣ್ಣ ಬಂದಿದ್ದ. ಅವನು ವಕೀಲರ ಗುಮಾಸ್ತ. ವಕೀಲರಿಗಿಂತ ಹೆಚ್ಚು ಹೆದರಿಸಬಲ್ಲ.

“ಭಾವ, ಸುಳ್ಳು ಘೋಷಣೆ,” ಎಂದ ಅಣ್ಣ, ಕಾಗದವನ್ನು ಬೆಳಕಿಗೆ ಹಿಡಿದು. “ಇಲಾಖಾ ವಿಚಾರಣೆ ಅಂತೂ ಗ್ಯಾರಂಟಿ. ನಾಲ್ಕು ತಿಂಗಳಿಗೆ ಹಾರ ಹಾಕಿಸ್ಕೊಂಡು ಮನೆಗೆ ಬರೋರು, ನೋಟೀಸ್ ತಗೊಂಡು ಬರ್ತೀರಿ. ಅರ್ಜಿ ತುಂಬಿದ್ದು ಯಾರು?”

ನಾನು ಚಹಾ ಮಾಡುವ ನೆಪದಲ್ಲಿ ಅಡುಗೆಮನೆಗೆ ಹೋಗಿ, ನಲ್ಲಿ ಬಿಟ್ಟು ನಿಂತುಕೊಂಡೆ.

“ಭಾವ, ಹೋಗಿ ತಪ್ಪೊಪ್ಕೊಂಡು ಬಿಡ್ತೀರಾ?” ಎಂದು ಅಣ್ಣ ಕೇಳುವುದು ಕೇಳಿಸಿತು.

“ಖಂಡಿತ,” ಎಂದರು ನಮ್ಮವರು. ಹೋಗುವುದಿಲ್ಲ ಎಂದು ಅದರಿಂದಲೇ ತಿಳಿಯಿತು.

ಗುರುತು ಹಾಕಿದವಳು ನಾನು. ಆದ್ದರಿಂದ ಸಭೆಗೆ ಎರಡು ದಿನವಿರುವಾಗ ಯಾರಿಗೂ ಹೇಳದೆ ದಾಖಲೆ ಭಂಡಾರಕ್ಕೆ ಹೋದೆ. ಸಿಂಹಕಂಠರ ನಿಜವಾದ ನೆಂಟರು ಯಾರೆಂದು ಹುಡುಕಿ, ಅವರ ಕೈಕಾಲು ಹಿಡಿದು, ಬಾಗಿಲನ್ನು ಒಪ್ಪಿಸಿ ಬರುವುದು ನನ್ನ ಯೋಚನೆ. ಅಧಿಕಾರಿ ಕಡತದ ಧೂಳು ಒದರಿ ಕೊಟ್ಟರು. ಕಟ್ಟಿದ್ದ ದಾರ ಬಿಚ್ಚಿದರೆ ಅದರ ಗುರುತು ಕಾಗದದ ಮೇಲೆ ಬಿಳಿಯ ಗೆರೆಯಾಗಿ ಉಳಿದಿತ್ತು. ಇಟ್ಟ ದಿನದಿಂದ ಯಾರೂ ಬಿಚ್ಚಿರಲಿಲ್ಲ.

ಸಿಂಹಕಂಠರಿಗೆ ಮದುವೆಯಿಲ್ಲ, ಮಕ್ಕಳಿಲ್ಲ, ಒಡಹುಟ್ಟಿದವರಿಲ್ಲ. ಬಾಗಿಲನ್ನು ಒಪ್ಪಿಸಲು ಒಬ್ಬರೂ ಇರಲಿಲ್ಲ. ಆದರೂ ಓದುತ್ತಾ ಹೋದೆ. ಪ್ರಸಾರದ ದಿನಚರಿಯ ಒಂದು ಹಾಳೆ ಸಿಕ್ಕಿತು. ನಾಟಕದ ದಿನ ಯಾರು ಯಾವ ಪಾತ್ರ, ಯಾರು ಮಳೆ, ಯಾರು ಕುದುರೆ, ಎಲ್ಲ ಬರೆದಿತ್ತು. ಕೆಳಗೆ ಹೀಗಿತ್ತು: ‘ಸಿಂಹಕಂಠರಿಗೆ ಉಬ್ಬಸ. ನಗಲು ಹೋದರೆ ಕೆಮ್ಮು. ಆದ್ದರಿಂದ ನಗು: ಟೈಪಿಸ್ಟ್. ಬಾಗಿಲ ಹಿಂದೆ ನಿಂತು.’

ಮುಂದಿನ ಹಾಳೆಯಲ್ಲೂ ಅದೇ. ನಗು: ಟೈಪಿಸ್ಟ್. ಎರಡು ವರ್ಷದ ಹಾಳೆಗಳು, ಎಲ್ಲದರಲ್ಲೂ ನಗು ಟೈಪಿಸ್ಟರದೇ.

ಅದರ ಹಿಂದೆ ಒಂದು ಮುಚ್ಚಳಿಕೆ. ‘ಈ ನಗು ನನ್ನದೆಂದು ನಾನು ಯಾರ ಮುಂದೆಯೂ ಯಾವ ಕಾಲಕ್ಕೂ ಹೇಳುವುದಿಲ್ಲ.’ ಕೆಳಗೆ ಸಹಿ. ರೇಷನ್ ಕಾರ್ಡಿನಿಂದ ಹಿಡಿದು ಆಸ್ಪತ್ರೆಯ ಚೀಟಿಯವರೆಗೆ ನಾನು ನೂರು ಸಲ ಕಂಡ ಸಹಿ ಅದು. ನಮ್ಮ ಅತ್ತೆಯದು. ಬಾಯಿಗೆ ಬೀಗ ಹಾಕುವ ಆ ಕಾಗದವನ್ನು ಅವರೇ ಟೈಪ್ ಮಾಡಿದ್ದರು. ಒಂದು ಅಕ್ಷರ ತಪ್ಪಿರಲಿಲ್ಲ.

ಕೊನೆಯಲ್ಲಿ ಸಿಂಹಕಂಠರದೇ ಒಂದು ಚೀಟಿ, ಮುದುಕರ ಸೊಟ್ಟ ಬರಹದಲ್ಲಿ. ‘ರೇಡಿಯೋದವರು ಕಟ್ಟಡ ಬದಲಿಸುವಾಗ ಈ ಬಾಗಿಲನ್ನು ಎಸೆಯುತ್ತಿದ್ದರು, ನಾನು ಎತ್ತಿಕೊಂಡು ಬಂದೆ. ಇದು ನನ್ನದಲ್ಲ. ಇದರ ಹಿಂದೆ ನಿಂತು ನಕ್ಕವರದು. ಆಕೆಯಾಗಲಿ ಆಕೆಯ ಮನೆಯವರಾಗಲಿ ಬಂದು ಕೇಳಿದರೆ ಕೊಡಿ. ಜನ ನನಗೆ ಚಪ್ಪಾಳೆ ತಟ್ಟಿದಾಗಲೆಲ್ಲ ನನಗೆ ಕೆಮ್ಮು ಬರುತ್ತಿತ್ತು.’

ನಾನು ಅದನ್ನು ಮೂರು ಸಲ ಓದಿದೆ. ಅಂದರೆ ನಾನು ಹಾಕಿದ ಸುಳ್ಳು ಗುರುತು ಸರಿಯಾದ ಚೌಕದಲ್ಲೇ ಬಿದ್ದಿತ್ತು.

ದಿನಚರಿಯ ಹಾಳೆ, ಮುಚ್ಚಳಿಕೆ, ಚೀಟಿ, ಮೂರಕ್ಕೂ ಪ್ರತಿ ತೆಗೆಸಿ, ಆಸ್ಪತ್ರೆಗೆಂದು ಸದಾ ನನ್ನ ಚೀಲದಲ್ಲಿರುವ ಅತ್ತೆಯ ಗುರುತಿನ ಚೀಟಿಯ ನಕಲು ಸೇರಿಸಿ, ಅಧಿಕಾರಿಯ ಮುಂದಿಟ್ಟೆ. ಓದುತ್ತಾರೇನೋ, ಓದಿ ಊರಿಗೆಲ್ಲ ಸಾರುತ್ತಾರೇನೋ ಎಂದು ಅವರ ಕಣ್ಣನ್ನೇ ನೋಡುತ್ತಾ ನಿಂತೆ.

“ಪುರಾವೆನಾ ಅಮ್ಮ? ಎಷ್ಟು ಪುಟ?”

“ನಾಲ್ಕು.”

‘ಪುರಾವೆ, ಪುಟ ೪’ ಎಂದು ಬರೆದುಕೊಂಡು, ಹಾಗೇ ಕಡತಕ್ಕೆ ಸೇರಿಸಿ, ದಾರ ಬಿಗಿದು ಗಂಟು ಹಾಕಿದರು. “ಮುಗೀತು. ಬಾಗಿಲು ಮಾತ್ರ ದಯವಿಟ್ಟು ವಾಪಸ್ ತರಬೇಡಿ.”

ಮನೆಗೆ ಬಂದು ನಮ್ಮವರಿಗೆ, “ಸರಿ ಹೋಯ್ತು” ಎಂದಷ್ಟೇ ಹೇಳಿದೆ. ಹೇಗೆ ಎಂದು ಅವರು ಕೇಳಲಿಲ್ಲ. ಮುಚ್ಚಳಿಕೆಯ ವಿಷಯ ಅವರಿಗೆ ಹೇಳುವಂತಿರಲಿಲ್ಲ. ‘ನಿಮ್ಮ ತಾಯಿಯವರೇ ನಗ್ತಿದ್ದರಾ?’ ಎಂದು ಯಾರಾದರೂ ತಮಾಷೆಗೆ ಕೇಳಿದರೂ ‘ಖಂಡಿತ’ ಎಂದುಬಿಡುತ್ತಾರೆ.

ಸಭೆಗೆ ಜನ ಕಿಕ್ಕಿರಿದಿದ್ದರು. ಕಡತದಲ್ಲಿದ್ದದ್ದನ್ನು ನಾನು ಹೇಳಿಕೊಡಲಿಲ್ಲವಾದ್ದರಿಂದ ನಮ್ಮವರ ಬಳಿ ಇದ್ದದ್ದು ಆ ನಲವತ್ತು ಪುಟವೇ. ಅದನ್ನೇ ಓದಿದರು. “ಸಂಪುಟ ಹದಿನೇಳು, ಪುಟ ಇನ್ನೂರ ಆರು. ಸಂಪುಟ ಹದಿನೆಂಟು, ಪುಟ ಒಂಬತ್ತು.” ನಾನು ತಲೆ ತಗ್ಗಿಸಿ ಕುಳಿತೆ. ಯಾರೂ ನಗಲಿಲ್ಲ. ನಲವತ್ತು ನಿಮಿಷ ಕಳೆದಾಗ ಮೇಷ್ಟ್ರು ಪಕ್ಕದವರ ಕಿವಿಯಲ್ಲಿ, “ಏನು ಆಳವಾದ ಅಧ್ಯಯನ! ನಮಗೆ ಒಂದೂ ಅರ್ಥ ಆಗ್ತಿಲ್ಲ ನೋಡಿ,” ಎಂದರು.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಹಿಂದಿನ ಸಾಲಿನಿಂದ ದರ್ಜಿ ಕೂಗಿದ: “ಸಾರ್, ಆ ನಗು ಒಂದ್ಸಲ ನಕ್ಕು ತೋರಿಸಿ! ರಕ್ತದಲ್ಲೇ ಇರುತ್ತಲ್ಲ!”

“ಖಂಡಿತ,” ಎಂದರು ನಮ್ಮವರು.

ವೇದಿಕೆಯ ಮೇಲಿದ್ದ ಬಾಗಿಲ ಹಿಂದೆ ಹೋದರು. ಬಾಗಿಲು ಕಿರ್ರೆಂದಿತು. ಆಮೇಲೆ ಬಂದ ಸದ್ದು, ಮೂರು ದಿನ ನೀರಿಲ್ಲದ ನಲ್ಲಿಯೊಳಗೆ ಗಾಳಿ ನುಗ್ಗಿದಾಗ ಬರುವಂಥದು. ಗೊರ್, ಗೊರ್, ಕೊನೆಗೆ ಒಂದು ಸೀನು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. “ಅದೇ ನಗು!” ಎಂದು ಮೇಷ್ಟ್ರು ಕಣ್ಣೊರೆಸಿಕೊಂಡರು.

ಮೊದಲ ಸಾಲಿನಲ್ಲಿ ಅತ್ತೆ ಕನ್ನಡಕ ತೆಗೆದು ಒರೆಸುತ್ತಿದ್ದರು. ಸಭೆ ಮುಗಿದು ಎಲ್ಲರೂ ಎದ್ದು ಹೋಗುವವರೆಗೂ ಒರೆಸಿದರು. ಬಾಗಿಲು ತಳ್ಳುಗಾಡಿಯಲ್ಲಿ ಮನೆಗೆ ವಾಪಸಾಗಿ ಹಾಲಿನಲ್ಲಿ ತನ್ನ ಜಾಗದಲ್ಲೇ ನಿಂತಿತು. ಅತ್ತೆ ಊಟವನ್ನು ಅರ್ಧಕ್ಕೇ ಬಿಟ್ಟು ಎದ್ದರು.

ಆ ರಾತ್ರಿಯೇ ಹನ್ನೊಂದೂವರೆಯ ಮೇಲೆ ಆರನೆಯ ಬಾಗಿಲು ಕಿರ್ರೆಂದದ್ದು.

ಕೊನೆಗೂ ಎದ್ದೆ. ಗೋಡೆ ಹಿಡಿದುಕೊಂಡು ಹಾಲಿನ ತನಕ ಹೋದೆ. ಬಾಗಿಲು ಅರ್ಧ ತೆರೆದಿತ್ತು. ಅದಕ್ಕೂ ಗೋಡೆಗೂ ನಡುವಿನ ಎರಡಡಿ ಜಾಗದಲ್ಲಿ ಅತ್ತೆ ನೆಟ್ಟಗೆ ನಿಂತಿದ್ದರು. ಕೈ ಬಾಯಿಯ ಮೇಲಿರಲಿಲ್ಲ.

ನಗು ಶುರುವಾಯಿತು. ದೊಡ್ಡ ದನಿಯಲ್ಲೇನೂ ಅಲ್ಲ. ಮೊದಲ ಮೆಟ್ಟಿಲಿಗೆ ನನ್ನ ಅಂಗಾಲು ತಣ್ಣಗಾಯಿತು. ಎರಡನೆಯದಕ್ಕೆ ಕಪಾಟಿನ ಲೋಟಗಳು ಸಣ್ಣಗೆ ಕಿಣಿಗುಟ್ಟಿದವು. ಮೂರನೆಯದಕ್ಕೆ ನಾನು ಮದುವೆಯಾದ ಹೊಸತರಲ್ಲಿ ಒಡೆದು ಬಚ್ಚಿಟ್ಟ ಹೂದಾನಿಯ ನೆನಪಾಗಿ, ತಪ್ಪೊಪ್ಪಿಕೊಳ್ಳಬೇಕೆನ್ನಿಸಿತು. ಬಾಗಿಲು ಟಕ್ಕೆಂದಿತು. ಪಕ್ಕದ ಮನೆಯಲ್ಲಿ ದೀಪ ಹೊತ್ತಿತು. “ಯಾರದು?” ಎಂದು ಮೇಷ್ಟ್ರ ದನಿ ಎಂಟು ವರ್ಷದ ಹುಡುಗನ ದನಿಯಾಗಿ ಕೇಳಿಸಿತು.

ಅತ್ತೆ ಬಾಗಿಲು ತೆಗೆದು ಈಚೆಗೆ ಬಂದರು. ನನ್ನನ್ನು ಕಂಡರು. ಗಾಬರಿಯಾಗಲಿಲ್ಲ.

“ಬಾಗಿಲು ಅರ್ಧ ತೆರೆಯೋವರೆಗೂ ಉಸಿರು ಹಿಡೀಬೇಕು,” ಎಂದರು. “ಅವನು ಮೊದಲೇ ಬಿಟ್ಟುಬಿಟ್ಟ.”

“ಹೌದು ಅತ್ತೆ.”

“ಮಲಗು ಹೋಗು.”

ಬೆಳಿಗ್ಗೆ ಮೇಷ್ಟ್ರು ಗೋಡೆಯ ಬಳಿ ಬಂದಾಗ ಅವರ ತಲೆಗೂದಲು ಬಾಚಿರಲಿಲ್ಲ. “ಸಾರ್, ರಾತ್ರಿ ಅವರೇ ಬಂದಿದ್ರು! ತಮ್ಮ ಬಾಗಿಲು ಹುಡುಕ್ಕೊಂಡು ಬಂದಿದ್ರು! ನಿಮಗೂ ಕೇಳಿಸ್ತಾ?”

“ಖಂಡಿತ,” ಎಂದರು, ರಾತ್ರಿಯೆಲ್ಲ ಗೊರಕೆ ಹೊಡೆದ ನಮ್ಮವರು. “ಎರಡು ಸಲ.”

“ಅಮ್ಮ, ನಿಮಗೆ?”

ಅತ್ತೆ ಕಿಟಕಿಯ ಬಳಿ ಬಟಾಣಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ. ಅಂಗೈ ಮೆಲ್ಲಗೆ ಬಾಯಿಯ ಹತ್ತಿರ ಹೋಯಿತು, ಭುಜ ಎರಡು ಸಲ ಕುಣಿಯಿತು.

ಮೇಷ್ಟ್ರು ನನ್ನ ಕಡೆ ತಿರುಗಿದರು. “ನೀವು ಸೂಕ್ಷ್ಮದವರು ತಾಯಿ. ಸೂಜಿ ಬಿದ್ರೂ ಏಳೋರು. ನೀವೇ ಹೇಳಿ.”

ನನ್ನ ಕೈಯಲ್ಲಿ ಎಣ್ಣೆ ಶೀಶೆ ಇತ್ತು. ಅದು ತಿಂಗಳ ಮೊದಲ ದಿನ, ಐದು ಬಾಗಿಲಿಗೆ ಎಣ್ಣೆ ಬಿಡುವ ದಿನ. ಅತ್ತೆ ಅರವತ್ತು ವರ್ಷದ ಮೇಲೆ ನಡೆಸಿಕೊಂಡು ಬಂದ ಮಾತನ್ನು ನಾನು ಒಂದು ಬೆಳಿಗ್ಗೆಯಾದರೂ ನಡೆಸಬೇಡವೇ? ಕಡತದಲ್ಲಿರುವುದು ಕಡತದಲ್ಲಿರಲಿ, ಅಲ್ಲಿ ಯಾರೂ ಓದುವುದಿಲ್ಲ. ಮೇಷ್ಟ್ರಿಗಾಗಲಿ, ಅಣ್ಣನಿಗಾಗಲಿ, ನಮ್ಮವರಿಗಾಗಲಿ, ಒಬ್ಬರಿಗೂ ಹೇಳಬಾರದೆಂದು ನಿಂತಲ್ಲೇ ತೀರ್ಮಾನಿಸಿದೆ.

“ನನಗೆ ನಿದ್ದೆ ಬಂದುಬಿಟ್ಟಿತ್ತು ಮೇಷ್ಟ್ರೆ,” ಎಂದು, ಐದೇ ಬಾಗಿಲಿಗೆ ಎಣ್ಣೆ ಬಿಡಲು ಒಳಗೆ ಹೋದೆ.